ಎಡಗಿವಿಯ ವರದಿ

ಜನವರಿ ೮

ಮಗಳಿಗೆ,

ನಿನ್ನ ವಿಳಾಸ ಕೊಟ್ಟದ್ದು ನನ್ನ ತಂಗಿ, ನಿನ್ನ ಅತ್ತೆ. ಅವಳನ್ನು ಬೈಯಬೇಡ. ಮೂರು ದಿನ ಬಿಡದೆ ಪೀಡಿಸಿದ ಮೇಲೆ, "ತಗೊಳ್ಳಪ್ಪ, ನನ್ನ ತಲೆ ತಿನ್ಬೇಡ" ಎಂದು ಚೀಟಿಯಲ್ಲಿ ಬರೆದುಕೊಟ್ಟಳು.

ಆರು ವರ್ಷದ ನಂತರ ಬರೆಯುವ ಕಾಗದ ಕುಶಲ ಕೇಳುವುದರಿಂದ ಶುರುವಾಗಬೇಕಿತ್ತು. ಆದರೆ ನನಗೆ ಒಂದು ಉಪಾಯ ಬೇಕಾಗಿದೆ, ಅದೂ ಬೇಗ ಬೇಕಾಗಿದೆ. ನೀನು ಬೆಟ್ಟದ ರಸ್ತೆಯಲ್ಲಿ ಬಸ್ಸು ಓಡಿಸುತ್ತೀಯಂತೆ. ದಿನಕ್ಕೆ ಎರಡು ಸಲ ಹತ್ತಿ ಎರಡು ಸಲ ಇಳಿಯುತ್ತೀಯಂತೆ. ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಆಗ ಏನು ಮಾಡುತ್ತೀಯ?

ಯಾಕೆಂದರೆ, ನನ್ನ ಬಲಗಾಲಿನ ಪಾದದಲ್ಲಿ ಒಂದು ಹುಣ್ಣಾಗಿದೆ. ಬೂಟಿನೊಳಗೆ ಒಂದು ಜಲ್ಲಿಕಲ್ಲು ಸೇರಿಕೊಂಡಿತ್ತು. ಸಕ್ಕರೆ ಕಾಯಿಲೆಯವನಿಗೆ ಕಾಲಿನಡಿ ಏನು ಚುಚ್ಚಿದರೂ ತಿಳಿಯುವುದಿಲ್ಲ. ಅದರ ಮೇಲೆ ಒಂದು ಇಡೀ ದಿನ ನಡೆದಿದ್ದೇನೆ. ಐದು ತಿಂಗಳಾದರೂ ಒಣಗಿಲ್ಲ. ನಮ್ಮ ನೀರು ಸರಬರಾಜು ಕಚೇರಿಯವರು ತಮ್ಮ ಖರ್ಚಿನಲ್ಲಿ ಇಲ್ಲಿನ ದೊಡ್ಡಾಸ್ಪತ್ರೆಗೆ ಕಳಿಸಿದ್ದಾರೆ. ಇಲ್ಲೊಂದು ಉಕ್ಕಿನ ಕೋಣೆ ಇದೆ. ನಾವೆಲ್ಲ ಅದಕ್ಕೆ ಡಬ್ಬಿ ಅನ್ನುತ್ತೇವೆ. ಎಂಟು ಜನ ಒಳಗೆ ಕೂರುತ್ತೇವೆ, ಬಾಗಿಲು ಬಿಗಿಯುತ್ತಾರೆ, ಗಾಳಿ ತುಂಬಿ ಒತ್ತಡ ಏರಿಸುತ್ತಾರೆ, ಆಮೇಲೆ ಮುಖವಾಡ ಹಾಕಿ ಬರೀ ಆಮ್ಲಜನಕ ಕೊಡುತ್ತಾರೆ. ಒತ್ತಡವಿದ್ದರೆ ಅದು ರಕ್ತಕ್ಕೆ ಹೆಚ್ಚು ಸೇರಿ ಹುಣ್ಣಿನ ತನಕ ತಲುಪುತ್ತದಂತೆ. ಮೂವತ್ತು ಸಲ ಕೂತರೆ ಪಾದ ಉಳಿಯಬಹುದು. ಕೂರದಿದ್ದರೆ ಕತ್ತರಿಸುವುದೇ.

ಒಳಗಿನ ಒತ್ತಡ ಹದಿನಾಲ್ಕು ಮೀಟರ್ ನೀರಿನಡಿ ಕೂತಷ್ಟು. ಇಪ್ಪತ್ತೊಂಬತ್ತು ವರ್ಷ ಕೊಳವೆಗಳ ಜೊತೆ ಬಾಳಿದವನಿಗೆ ಹದಿನಾಲ್ಕು ಮೀಟರ್ ಯಾವ ಮಹಾ ಎಂದು ಎದೆಯುಬ್ಬಿಸಿ ಒಳಗೆ ಹೋದೆ. ಮೂರು ಮೀಟರಿಗೇ ಕಿವಿಗೆ ಮೊಳೆ ಹೊಡೆದಂತಾಯಿತು. ಜಂಬದ ಕೋಳಿ ಬಾಲ ಮುದುರಿಕೊಂಡು ಹೊರಗೆ ಬಂತು.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಡಬ್ಬಿಯಿಂದ ಬಂದ ಮೇಲೆ ಸಂಜೆಯ ತನಕ ಕಿವಿ ಗುಂಯ್ ಅನ್ನುತ್ತಿರುತ್ತದೆ, ಫೋನಿನಲ್ಲಿ ಯಾರೇನು ಹೇಳಿದರೂ ತಿಳಿಯುವುದಿಲ್ಲ. ಅದು ಒಂದು ಕಾರಣ.

ಬರೆಯುತ್ತೀಯಾ?

ಇಂತಿ,
ಅಪ್ಪ


ಜನವರಿ ೧೩

ಅಪ್ಪನಿಗೆ,

ಮೇಲಿನ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ಬಿಡುವಿದೆ. ಸ್ಟಿಯರಿಂಗ್ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಇಂಜಿನ್ನಿನ ತಪ್ಪು.

ಕಿವಿ ಕಟ್ಟಿದ ಮೇಲೆ ಬಿಡಿಸಲು ಹೋಗಬಾರದು. ಕಟ್ಟುವ ಮೊದಲೇ ಬಿಡಿಸಬೇಕು. ಉಪಾಯ ಇಷ್ಟೇ.

ನನ್ನ ರಸ್ತೆಯಲ್ಲಿ ಇಪ್ಪತ್ತೆರಡು ತಿರುವು. ಬಸ್ಸು ಹೊರಡುವಾಗಲೇ ಒಂದು ಗುಟುಕು ನೀರು ಕುಡಿಯುತ್ತೇನೆ. ಮೊದಲನೇ ತಿರುವಿನಿಂದಲೇ ಎಂಜಲು ನುಂಗಲು ಶುರುಮಾಡುತ್ತೇನೆ, ಕಿವಿ ಕೇಳಲಿ ಬಿಡಲಿ. ಮೊದಲ ವರ್ಷ ಇದು ಗೊತ್ತಿರಲಿಲ್ಲ. ನಾಲ್ಕೈದು ತಿರುವು ಸುಮ್ಮನಿದ್ದು, ನೋವು ಬಂದ ಮೇಲೆ ಮೂಗು ಹಿಡಿದು ಊದುತ್ತಿದ್ದೆ. ಆಗ ಕಿವಿಯ ಬಾಗಿಲು ತೆರೆಯುವುದಿಲ್ಲ, ಹೊರಗಿನ ಒತ್ತಡ ಅದನ್ನು ಅದುಮಿ ಹಿಡಿದಿರುತ್ತದೆ. ಜೋರಾಗಿ ಊದಿದಷ್ಟೂ ಕೇಡು. ಆಮೇಲೆ ಇರುವುದು ಒಂದೇ ದಾರಿ, ಸ್ವಲ್ಪ ಮೇಲಕ್ಕೆ ಹೋಗಿ ಮತ್ತೆ ನಿಧಾನಕ್ಕೆ ಇಳಿಯುವುದು. ನನ್ನ ಬಸ್ಸು ಹಿಂದಕ್ಕೆ ಹತ್ತುವುದಿಲ್ಲ. ನಿನ್ನ ಡಬ್ಬಿಯಲ್ಲಿ ಒತ್ತಡ ಇಳಿಸಲು ಬರುತ್ತದೆ. ಕೈ ಎತ್ತು, ನಿಲ್ಲಿಸುತ್ತಾರೆ.

ಹಲ್ಲು ಕಚ್ಚಿಕೊಂಡು ಕೂರಬೇಡ. ನಿನಗೆ ಅದೊಂದು ಚೆನ್ನಾಗಿ ಬರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಕೆಳದವಡೆ ಮುಂದಕ್ಕೆ ತಳ್ಳು, ಆಕಳಿಸು. ಎಳೆಮಗು ಇರುವ ತಾಯಂದಿರಿಗೆ ನಾನು ಬಸ್ಸು ಇಳಿಯುವ ಮೊದಲೇ, "ಈಗ್ಲೇ ಹಾಲು ಕುಡಿಸಿಬಿಡಿ ಅಮ್ಮಾ, ಅದು ಅತ್ತ ಮೇಲಲ್ಲ" ಅನ್ನುತ್ತೇನೆ. ನಿನಗೆ ನೀರಿನ ಬಾಟಲಿ ಸಾಕು. ನೆಗಡಿ ಇದ್ದ ದಿನ ಒಳಗೆ ಹೋಗಲೇಬೇಡ.

ಬೇರೇನೂ ಬರೆಯಲು ಇಲ್ಲ. ಕಂಡಕ್ಟರ್ ಸೀಟಿ ಊದುತ್ತಿದ್ದಾನೆ.

ಬಸ್ಸಿನವಳು

ಕೆಳಗಿನ ನಿಲ್ದಾಣಕ್ಕೆ ಬಂದು ನಿನ್ನ ಕಾಗದ ಮತ್ತೊಮ್ಮೆ ತೆಗೆದು ನೋಡಿದೆ. ಯಾವ ಕಾಲು ಎಂದು ಮರೆತಿತ್ತು. ಬಲಗಾಲು.


ಜನವರಿ ೧೯

ಮಗಳಿಗೆ,

ನಿನ್ನ ಕಾಗದವನ್ನು ಒಳಗೆ ಒಯ್ಯಲು ಬಿಡಲಿಲ್ಲ. ಕಾಗದ, ಗಡಿಯಾರ, ತಲೆಗೆ ಎಣ್ಣೆ, ಯಾವುದೂ ಕೂಡದು. ಆಮ್ಲಜನಕ ಇರುವ ಜಾಗದಲ್ಲಿ ಒಂದು ಕಿಡಿ ಸಾಕಂತೆ. ಅವರೇ ಕೊಡುವ ಹತ್ತಿ ಬಟ್ಟೆ ತೊಟ್ಟು ಹೋಗಬೇಕು. ಹಾಗಾಗಿ ಬಾಯಿಪಾಠ ಮಾಡಿಕೊಂಡು ಹೋದೆ. ಬಾಗಿಲು ಹಾಕುವಾಗಲೇ ಒಂದು ಗುಟುಕು, ಆಮೇಲೆ ಲೆಕ್ಕವಿಟ್ಟು ನುಂಗುವುದು. ನಿನ್ನ ರಸ್ತೆಯನ್ನು ನಾನು ನೋಡಿಲ್ಲ, ಆದರೂ ಇಪ್ಪತ್ತೆರಡು ತಿರುವು ಎಣಿಸಿದೆ.

ಬಲಗಿವಿ ಹೇಳಿದ ಮಾತು ಕೇಳುತ್ತದೆ. ಪಟ್ ಅಂತ ತೆರೆದುಕೊಳ್ಳುತ್ತದೆ. ಎಡಗಿವಿಯದು ಮೊಂಡುತನ.

ಒಳಗೆ ನಮ್ಮ ಜೊತೆ ಕೂರುವ ನರ್ಸಮ್ಮನನ್ನು ಎಲ್ಲರೂ ಡಬ್ಬಿ ಅಕ್ಕ ಅನ್ನುತ್ತಾರೆ. ಒತ್ತಡ ಏರುವಾಗ ಒಬ್ಬೊಬ್ಬರ ಮುಖವನ್ನೂ ನೋಡುತ್ತಿರುತ್ತಾಳೆ. ನನ್ನ ಪಕ್ಕದಲ್ಲಿ ಒಬ್ಬ ಟೈಲರಮ್ಮ. ಗಂಟಲಿನ ಗಡ್ಡೆಗೆ ಕಿರಣ ಹಾಯಿಸಿದಾಗ ಆಕೆಯ ದವಡೆಯ ಮೂಳೆ ಕೆಟ್ಟಿದೆ, ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಆಕಳಿಸಲು ಆಗದವಳು ಬರೀ ಗಲ್ಲ ಎತ್ತಿ ನುಂಗಿ ನುಂಗಿಯೇ ಸಲೀಸಾಗಿ ಹದಿನಾಲ್ಕು ಮೀಟರಿಗೆ ಇಳಿಯುತ್ತಾಳೆ. ನನಗೆ ಮರೆತರೆ ಮೊಣಕಾಲಿಗೆ ತಟ್ಟುತ್ತಾಳೆ. ಇಷ್ಟಾದರೂ ನಿನ್ನೆ ಅರ್ಧಕ್ಕೆ ನಿಲ್ಲಿಸಿ ನನ್ನೊಬ್ಬನಿಗಾಗಿ ಒತ್ತಡ ಇಳಿಸಿ ಎಲ್ಲರನ್ನೂ ಮೇಲೆ ತಂದರು. ನಾಚಿಕೆಯಿಂದ ಸತ್ತೆ.

"ನೋವು ಬಂದ ತಕ್ಷಣ ಕೈ ಎತ್ತಿ ಅಂತ ಹೇಳಿದ್ದೆ ತಾನೇ?" ಎಂದಳು ಡಬ್ಬಿ ಅಕ್ಕ. "ನೀವು ಕಣ್ಣಲ್ಲಿ ನೀರು ಬರೋ ತನಕ ಕಾಯ್ತೀರಿ. ಇದೇನು ಪರೀಕ್ಷೇನಾ ಯಜಮಾನ್ರೇ? ಯಾರೂ ಮಾರ್ಕ್ಸ್ ಕೊಡಲ್ಲ."

ಅವಳಿಗೆ ಹೇಗೆ ಹೇಳಲಿ. ನಮ್ಮ ಕೆಲಸದಲ್ಲಿ ಕೈ ಎತ್ತಿದರೆ ಕವಾಟ ಮುಚ್ಚು ಎಂದರ್ಥ, ಒಂದು ಇಡೀ ಬೀದಿಯ ನೀರು ನಿಲ್ಲುತ್ತದೆ. ಖಾತ್ರಿಯಾಗದೆ ಕೈ ಎತ್ತಬಾರದು ಎಂದು ನಾನೇ ನಿನಗೆ ಕಲಿಸಿದ್ದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಹತ್ತು ಸಲ ಎತ್ತಿರಬಹುದು. ಆ ಕೈ ಈಗ ಏಳುವುದಿಲ್ಲ.

ಹೋಗಿದ್ದು ಹನ್ನೊಂದು ಸಲ, ಪೂರ್ತಿ ಕೂತದ್ದು ಏಳು. ನಾನಿಳಿದುಕೊಂಡಿರುವ ಲಾಡ್ಜಿನ ಕೋಣೆಯಲ್ಲಿ ಕೂರಲಾಗುವುದಿಲ್ಲ, ನಿಂತರೆ ಡಾಕ್ಟರು ಬೈಯುತ್ತಾರೆ. ಊರುಗೋಲು ಹಿಡಿದು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ಓಡಾಡುತ್ತೇನೆ. ಗೋಡೆಯೊಳಗೆ ಎಲ್ಲೋ ನೀರು ಸೋರುತ್ತಿದೆ. ಯಾವ ಗೋಡೆ ಎಂದು ಇನ್ನೂ ಸಿಕ್ಕಿಲ್ಲ.

ನಿನ್ನ ಕಾಗದ ಉಪಯೋಗವಾಯಿತು. ಅಷ್ಟು ಹೇಳಲು ಬರೆದೆ.

ಅಪ್ಪ


ಜನವರಿ ೨೮

ಮಗಳಿಗೆ,

ನಿನ್ನ ಉತ್ತರ ಬಂದಿಲ್ಲ. ಬರಲೇಬೇಕೆಂದೇನೂ ಇಲ್ಲ.

ಮೊನ್ನೆ ಎಡಗಿವಿಯಿಂದ ರಕ್ತ ಬಂತು. ಹೆಚ್ಚೇನಲ್ಲ, ದಿಂಬಿನ ಮೇಲೆ ಒಂದು ಕಲೆ. ಡಬ್ಬಿಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಒಂಬತ್ತು ಮುಗಿದಿತ್ತು, ಇಪ್ಪತ್ತೊಂದು ಬಾಕಿ.

ಕಿವಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾತು ಮಾತ್ರ ಅಜ್ಜಿಯದು. "ಬಲಗಿವಿ ಚೆನ್ನಾಗಿ ತೆರೀತಿದೆ, ಅದನ್ನ ಮುಟ್ಟಲ್ಲ. ಎಡಗಿವಿಯ ತಮಟೆಗೆ ಒಂದು ಪುಟ್ಟ ಕೊಳವೆ ಇಡ್ತೀನಿ, ಅಕ್ಕಿಕಾಳಿಗಿಂತ ಚಿಕ್ಕದು. ಹತ್ತು ನಿಮಿಷದ ಕೆಲಸ. ಆಮೇಲೆ ಗಾಳಿ ತಾನಾಗೇ ಆ ಕಡೆ ಈ ಕಡೆ ಓಡಾಡತ್ತೆ, ನೀವು ನುಂಗೋದೇ ಬೇಡ" ಎಂದರು. ಅದಕ್ಕೆ ಮೊದಲು ಕಿವಿ ಎಷ್ಟು ಕೇಳುತ್ತದೆ ಎಂದು ಒಂದು ಪರೀಕ್ಷೆ ಮಾಡಿ ವರದಿ ಬರೆಯಬೇಕಂತೆ.

ಬೇಡ ಎಂದೆ.

"ಯಾಕೆ?"

"ನಾನು ಕಿವಿಯಿಂದ ಬದುಕೋನು. ಕಿವಿಗೆ ತೂತು ಹಾಕಿಸ್ಕೊಂಡು ನಾಳೆ ಬೀದಿಗೆ ಹೋಗಿ ಏನು ಕೇಳಲಿ?"

ಅವರಿಗೆ ನನ್ನ ಕೆಲಸ ಗೊತ್ತಿರಲಿಲ್ಲ. ಉದ್ದನೆಯ ಮರದ ಕೋಲಿನ ಒಂದು ತುದಿಯನ್ನು ನೀರಿನ ಕೊಳವೆಯ ಮುಚ್ಚಳಕ್ಕೆ, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟು, ನೆಲದೊಳಗೆ ನೀರು ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವವನು ಎಂದು ವಿವರಿಸಿದೆ. "ಈಗ್ಲೂ ಅಂಥ ಕೆಲಸ ಇದ್ಯಾ?" ಎಂದರು. ಇದೆ ತಾಯಿ, ನಾನು ನಿವೃತ್ತನಾಗುವ ತನಕ, ಇನ್ನು ಮೂರು ವರ್ಷ.

ಕಾಲಿನ ಡಾಕ್ಟರಿಗೆ ಇಷ್ಟು ಸಹನೆ ಇಲ್ಲ. ಫೆಬ್ರವರಿ ಹದಿನೈದರೊಳಗೆ ಮತ್ತೆ ಡಬ್ಬಿಗೆ ಹೋಗದಿದ್ದರೆ ಪಾದವನ್ನು ಕೀಲಿನ ಮೇಲೆ ತೆಗೆಯುತ್ತೇನೆ ಎಂದು, ಎಲ್ಲಿ ಎಂಬುದನ್ನು ಬೆರಳಿನಿಂದ ತೋರಿಸಿದರು. ಬೆರಳು ತಣ್ಣಗಿತ್ತು. ಅದಷ್ಟು ಗೊತ್ತಾಯಿತು.

ಕಿವಿಯಿಲ್ಲದೆ ನಡೆದು ಏನು ಮಾಡಲಿ, ಕಾಲಿಲ್ಲದೆ ಕೇಳಲು ಎಲ್ಲಿಗೆ ಹೋಗಲಿ? ಎಡಗಿವಿ ತಾನಾಗಿ ವಾಸಿಯಾಗಬಹುದು. ಕಾಯುತ್ತಿದ್ದೇನೆ.

ಅಪ್ಪ


ಫೆಬ್ರವರಿ ೨

ಅಪ್ಪನಿಗೆ,

ಎರಡು ಕಾಗದವೂ ಒಟ್ಟಿಗೆ ಸಿಕ್ಕವು. ಹತ್ತು ದಿನ ನಾನು ಬೇರೆ ಮಾರ್ಗದಲ್ಲಿದ್ದೆ.

ಕೊಳವೆ ಹಾಕಿಸಿಕೋ. ನಾಳೆಯೇ ಹಾಕಿಸಿಕೋ. ನಮ್ಮ ಡಿಪೋದ ಮೆಕ್ಯಾನಿಕ್ಕನ ಮಗಳಿಗೆ ಎರಡೂ ಕಿವಿಗೆ ಹಾಕಿದ್ದಾರೆ, ಪಿಸುಮಾತು ಕೂಡ ಕೇಳುತ್ತದೆ. ಅಪ್ಪ ಅಮ್ಮ ಜಗಳವಾಡಿದರೆ ಬೀದಿಗೆಲ್ಲ ವರದಿ ಒಪ್ಪಿಸುತ್ತದೆ. ಕೊಳವೆಯಿಂದ ಕಿವಿ ಹೋಗುವುದಿಲ್ಲ, ಕೆಲವು ತಿಂಗಳಲ್ಲಿ ಅದೇ ಉದುರಿ ತೂತು ಮುಚ್ಚಿಕೊಳ್ಳುತ್ತದೆ. ನಿನ್ನ ಡಾಕ್ಟರು ಇದನ್ನು ಹೇಳದೆ ಇರುತ್ತಾರಾ? ಹೇಳಿರುತ್ತಾರೆ. ನೀನು ನನಗೆ ಬರೆದಿಲ್ಲ.

ಅಪ್ಪ, ನಾನು ಎರಡು ವರ್ಷ ನಿನ್ನ ಜೊತೆ ಬೀದಿ ಸುತ್ತಿದವಳು. ನೀನು ಕೋಲನ್ನು ಯಾವ ಕಿವಿಗೆ ಇಡುತ್ತಿದ್ದೆ ಎಂಬುದನ್ನು ನೋಡದೆ ಇರಲು ನಾನೇನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದೆನೇ?

ಇವತ್ತು ಹದಿನಾಲ್ಕನೇ ತಿರುವಿನಲ್ಲಿ ಬ್ರೇಕು ಸ್ವಲ್ಪ ತಡವಾಗಿ ಒತ್ತಿದೆ. ಯಾರಿಗೂ ಏನೂ ಆಗಲಿಲ್ಲ. ನಿನ್ನ ಕಾಲಿನ ಯೋಚನೆಯಲ್ಲಿದ್ದೆ. ಹೀಗೆ ಯೋಚನೆ ಹಚ್ಚಿ ನನ್ನನ್ನು ಸ್ಟಿಯರಿಂಗ್ ಮುಂದೆ ಕೂರಿಸಬೇಡ.

ಬಸ್ಸಿನವಳು


ಫೆಬ್ರವರಿ ೫

ಮಗಳಿಗೆ,

ನೀನು ಏನು ಹೇಳಲು ಹೊರಟಿದ್ದೀಯೋ ನನಗೆ ಅರ್ಥವಾಗಲಿಲ್ಲ. ಬಲಗೈಯವನು ಬಲಗಿವಿಗೆ ಕೋಲಿಡುತ್ತಾನೆ. ಅದರಲ್ಲಿ ನೋಡುವುದೇನಿದೆ?

ಪ್ರತಿ ವರ್ಷ ಕಚೇರಿಯಲ್ಲಿ ಕಿವಿಯ ಪರೀಕ್ಷೆ ನಡೆಯುತ್ತದೆ. ಪ್ರತಿ ವರ್ಷವೂ ನಾನು ಪಾಸು. ಬೇಕಾದರೆ ಹೋಗಿ ಕಡತ ನೋಡು. ಇಲ್ಲಿ ಮಾಡುವ ಪರೀಕ್ಷೆಯ ವರದಿಯೂ ನೇರ ಕಚೇರಿಗೇ ಹೋಗುತ್ತದೆ, ಯಾಕೆಂದರೆ ದುಡ್ಡು ಕಟ್ಟುವವರು ಅವರು. ಹಾಗೆಂದು ನಾನೇನೂ ಹೆದರಿಲ್ಲ. ಸುಮ್ಮನೆ ಇಲ್ಲದ ಗೊಂದಲ ಯಾಕೆ ಎಂದು ಅಷ್ಟೇ.

ಟೈಲರಮ್ಮ ಹೊರಗಿನ ಬೆಂಚಿನ ಮೇಲೆ ನನ್ನನ್ನು ಕಂಡು, ತೆರೆಯದ ಬಾಯಲ್ಲೇ, "ನಿಮ್ಮ ಜಾಗದಲ್ಲಿ ಬೇರೆ ಯಾರೋ ಕೂತಿದ್ದಾರೆ, ಬೇಗ ಬನ್ನಿ" ಎಂದಳು. ನಾಳೆ ಎಂದೆ. ನಿನ್ನೆಯೂ ಹಾಗೇ ಅಂದಿದ್ದೆ.

ಆ ಓಣಿಯ ವಿಷಯ ತೆಗೆಯುವ ಹುನ್ನಾರವಾದರೆ ಈ ಕಾಗದದ ವ್ಯವಹಾರ ಇಲ್ಲಿಗೇ ಸಾಕು.

ಅಪ್ಪ


ಫೆಬ್ರವರಿ ೮

ಅಪ್ಪನಿಗೆ,

ಓಣಿಯ ಹೆಸರೆತ್ತಿದ್ದು ನೀನು. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಅನ್ನುತ್ತಾರಲ್ಲ, ಹಾಗಾಯಿತು. ಇನ್ನು ನಾನು ಪೂರ್ತಿ ಬರೆಯುತ್ತೇನೆ. ಇವತ್ತು ರಜೆ ಹಾಕಿದ್ದೇನೆ, ಕಂಡಕ್ಟರನ ಸೀಟಿ ಇಲ್ಲ.

ಮುದ್ರಣಾಲಯದ ಹಿಂದಿನ ಓಣಿ. ಬೆಳಗಿನ ಜಾವ ಐದೂವರೆ. ಗೋಡೆಯ ಬುಡದಲ್ಲಿ ಕವಾಟದ ಮುಚ್ಚಳ. ಮೊದಲು ಕೋಲಿಟ್ಟದ್ದು ನಾನು. ಸಣ್ಣ ಸೀಟಿಯ ಸದ್ದು ಸ್ಪಷ್ಟವಾಗಿ ಕೇಳಿತು. ಸೋರಿಕೆ ಗೋಡೆಯ ಅಡಿಯಲ್ಲೇ ಇದೆ ಎಂದೆ. ನೀನು ಬಂದೆ. ಗೋಡೆಗೆ ಅಷ್ಟು ಹತ್ತಿರ ಬಲಗಿವಿಯನ್ನು ತರಲು ಜಾಗವಿರಲಿಲ್ಲ. ನೀನು ಎಡಗಿವಿಗೆ ಕೋಲಿಟ್ಟೆ. ಎರಡು ನಿಮಿಷ ಕಣ್ಣು ಮುಚ್ಚಿ ನಿಂತೆ. "ಇಲ್ಲಿಲ್ಲ" ಎಂದೆ.

ಹಿರಿಯ ಕೇಳಿ "ಇಲ್ಲ" ಎಂದ ಜಾಗಕ್ಕೆ ಕಿರಿಯರು ಮತ್ತೆ ಕೋಲಿಡಬಾರದು. ನಿಮ್ಮ ಕಸುಬಿನ ಕಟ್ಟಳೆ ಅದು. ನಾನು ಇಡಲಿಲ್ಲ. ನೀನು ರಸ್ತೆಯ ಆ ಬದಿ ಅಗೆಸಿದೆ, ಅಲ್ಲಿ ಒಣಮಣ್ಣು. ಮೂರನೇ ದಿನ ಗೋಡೆ ಕುಸಿದು, ಅದಕ್ಕೆ ಒರಗಿಸಿ ಪೆಟ್ಟಿಗೆ ಅಂಗಡಿ ಇಟ್ಟಿದ್ದ ಕೀಲಿ ರಿಪೇರಿಯವನ ಬಲಗೈ ಮುರಿಯಿತು.

ವರದಿಯಲ್ಲಿ ನೀನು ಬರೆದದ್ದು ನನಗೆ ಇಂದಿಗೂ ಬಾಯಿಗೆ ಬರುತ್ತದೆ. "ಗೋಡೆಯ ಬಳಿ ಯಾವ ಸದ್ದೂ ಇಲ್ಲವೆಂದು ಸಹಾಯಕಿ ತಪ್ಪು ಸೂಚನೆ ನೀಡಿದ್ದರಿಂದ." ಕೆಳಗೆ ನಿನ್ನ ಸಹಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವಳು ನೆಲವನ್ನು ಮಾತ್ರ ದೂರಿದಳು. ನೀನು ಮಗಳನ್ನು ದೂರಿದೆ.

ನನ್ನನ್ನು ಕೆಲಸದಿಂದ ತೆಗೆದ ದಿನ ಮೇಲಧಿಕಾರಿ ಕೇಳಿದರು, "ನಿಮ್ಮ ಕಡೆಯಿಂದ ಏನಾದ್ರೂ ಹೇಳೋದಿದ್ಯಾ?" ಒಂದೇ ಮಾತು ಸಾಕಿತ್ತು. ನಮ್ಮಪ್ಪನ ಎಡಗಿವಿ ಕೇಳಿಸುವುದಿಲ್ಲ. ಅದು ನನಗೆ ಮೊದಲ ತಿಂಗಳೇ ಗೊತ್ತಿತ್ತು. ಎಡಗಡೆಯಿಂದ ಕರೆದರೆ ನೀನು ತಿರುಗುತ್ತಿರಲಿಲ್ಲ, ಊಟಕ್ಕೆ ಕೂರುವಾಗ ಯಾವಾಗಲೂ ಎಡಗಡೆ ಗೋಡೆ ಬರುವ ಹಾಗೆ ಕೂರುತ್ತಿದ್ದೆ. ನಾನು ಹೇಳಲಿಲ್ಲ. ಹೇಳಿದ್ದರೆ ನಿನ್ನ ಇಪ್ಪತ್ತಮೂರು ವರ್ಷದ ಕೆಲಸ ಆ ದಿನವೇ ಹೋಗುತ್ತಿತ್ತು. "ಏನಿಲ್ಲ ಸಾರ್" ಎಂದು ಬಂದು, ಕಚೇರಿಯ ಗೇಟಿನ ಹತ್ತಿರ ಒಂದೂವರೆ ಗಂಟೆ ನಿಂತೆ. ನೀನು ಹೊರಗೆ ಬರುತ್ತೀಯ, ನನ್ನೊಬ್ಬಳಿಗಾದರೂ ನಿಜ ಹೇಳುತ್ತೀಯ ಎಂದುಕೊಂಡಿದ್ದೆ. ನೀನು ಹಿಂದಿನ ಬಾಗಿಲಿನಿಂದ ಹೋದೆಯಂತೆ.

ಆ ಕಿವಿಗಾಗಿ ನಾನು ನನ್ನ ಕೆಲಸ ಕಳೆದುಕೊಂಡೆ. ಆಯಿತು, ಹೋಯಿತು. ಈಗ ಅದೇ ಕಿವಿಗಾಗಿ ನೀನು ಕಾಲು ಕಳೆದುಕೊಳ್ಳಲು ಹೊರಟಿದ್ದೀಯ. ಏನೂ ಕೇಳಿಸದ ಕಿವಿಗೆ ತೂತು ಬಿದ್ದರೆ ಏನು ನಷ್ಟ? ನೀನು ಕಾಪಾಡುತ್ತಿರುವುದು ಕಿವಿಯನ್ನಲ್ಲ ಅಪ್ಪ, ಆ ವರದಿಯನ್ನು.

ಒಂದು ವಾರ ಉಳಿದಿದೆ. ಹೇಳಬೇಕಾದ್ದು ಹೇಳಿದ್ದೇನೆ. ಕಾಗದದ ವ್ಯವಹಾರ ಬೇಡವಾದರೆ ಬೇಡ.

ಬಸ್ಸಿನವಳು


ಫೆಬ್ರವರಿ ೧೩

ಮಗಳಿಗೆ,

ನಿನ್ನ ಕಾಗದ ಮೊನ್ನೆ ಬಂತು. ಒಂದು ಸಲ ಓದಿದೆ. ಎರಡನೇ ಸಲ ಓದಲು ಧೈರ್ಯ ಬರಲಿಲ್ಲ. ಊರುಗೋಲು ಹಿಡಿದು ಬೀದಿಗಿಳಿದು, ಔಷಧಿ ಅಂಗಡಿಯ ತನಕ ಹೋಗಿ, ಏನೂ ಕೊಳ್ಳದೆ ವಾಪಸು ಬಂದು, ಮತ್ತೆ ಇಳಿದೆ. ಲಾಡ್ಜಿನವನು, "ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದ.

ನಿನ್ನೆ ಪರೀಕ್ಷೆಗೆ ಹೋದೆ.

ಆ ಪರೀಕ್ಷೆ ಹೇಗಿರುತ್ತದೆಂದರೆ, ಗಾಜಿನ ಸಣ್ಣ ಗೂಡಿನೊಳಗೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಕಚೇರಿಯಲ್ಲಿ ಹತ್ತು ವರ್ಷದಿಂದ ನಾನು ಪಾಸಾಗುತ್ತಿದ್ದ ಗುಟ್ಟು ಹೇಳುತ್ತೇನೆ. ಸದ್ದು ಕಳಿಸುವವನ ಕೈ ಗಾಜಿನಲ್ಲಿ ಕಾಣುತ್ತಿತ್ತು. ಅವನ ಬೆರಳು ಆಡಿದರೆ ನಾನು ಗುಂಡಿ ಒತ್ತುತ್ತಿದ್ದೆ. ಪಂಪುಮನೆಯಲ್ಲಿ ಕವಾಟ ಸಿಡಿದು ಎಡಗಿವಿ ಹೋದ ವರ್ಷದಿಂದ ಆ ಕಿವಿಯ ಪರೀಕ್ಷೆಯನ್ನೆಲ್ಲ ನನ್ನ ಕಣ್ಣೇ ಬರೆಯಿತು.

ಇಲ್ಲಿಯೂ ಆ ಹುಡುಗಿಯ ಕೈ ಕಾಣುತ್ತಿತ್ತು, ಮೇಜಿನ ಮೇಲಿನ ಸ್ಟೀಲ್ ಫ್ಲಾಸ್ಕಿನಲ್ಲಿ. ಬಲಗಿವಿಯದು ಮುಗಿಯಿತು. ಎಡಗಿವಿ ಶುರುಮಾಡುತ್ತೇನೆ ಎಂದಳು. ನನ್ನ ಹೆಬ್ಬೆರಳು ಆಗಲೇ ಗುಂಡಿಯ ಮೇಲಿತ್ತು, ಕಣ್ಣು ಫ್ಲಾಸ್ಕಿನ ಮೇಲಿತ್ತು. ಎರಡು ಸಲ ಒತ್ತಿಯೂಬಿಟ್ಟೆ. ಆಮೇಲೆ ಕಣ್ಣು ಮುಚ್ಚಿದೆ.

ಕಾದೆ. ಸದ್ದು ಬಂದರೆ ಒತ್ತೋಣ ಎಂದು ನಿಜವಾಗಿಯೂ ಕಾದೆ. ಕೊನೆಗೆ ಯಾರೋ ಭುಜ ತಟ್ಟಿದರು.

"ಮುಗೀತಾ?" ಎಂದೆ.

"ಮುಗಿದು ಎರಡು ನಿಮಿಷ ಆಯ್ತು. ಮೊದಲೆರಡು ಸಲ ಹೇಗೆ ಒತ್ತಿದ್ರಿ?"

"ಅದನ್ನ ಹೊಡೆದುಹಾಕಮ್ಮಾ, ಅದು ಸುಳ್ಳು" ಎಂದೆ.

ಡಾಕ್ಟರು ಹಾಳೆ ನೋಡಿ, "ಈ ಕಿವಿ ಹೋಗಿ ವರ್ಷಗಳೇ ಆಗಿರ್ಬೇಕು. ನಿಮಗೆ ಗೊತ್ತಿರ್ಲಿಲ್ವಾ?" ಎಂದು ಕೇಳಿದರು. ಗೊತ್ತಿತ್ತು ಎಂದೆ. ನಿನ್ನ ಅಮ್ಮನಿಗೂ ಹೇಳದೆ ಇದ್ದ ಮಾತು ಅದು, ಅವಳು ಹೋಗುವ ತನಕವೂ ಹೇಳಲಿಲ್ಲ. ಡಾಕ್ಟರು, "ಕೇಳಿಸದ ಕಿವಿಗೆ ನೋವು ಮಾತ್ರ ಎಷ್ಟು ಚೆನ್ನಾಗಿ ಗೊತ್ತಾಗತ್ತೆ ನೋಡಿ" ಎಂದು ಹತ್ತಿ ತೆಗೆದುಕೊಂಡರು. ಕೊಳವೆ ಇಡಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಸೋಮವಾರದಿಂದ ಮತ್ತೆ ಡಬ್ಬಿ. ಉಳಿದದ್ದನ್ನು ಬರೆಯಲು ನನಗೆ ಇನ್ನೂ ಕೈ ಬಂದಿಲ್ಲ. ಸ್ವಲ್ಪ ದಿನ ಕೊಡು.

ಅಪ್ಪ


ಮಾರ್ಚ್ ೨೬

ಮಗಳಿಗೆ,

ಮೂವತ್ತೂ ಮುಗಿಯಿತು. ಕೊಳವೆ ಹಾಕಿದ ಮೇಲೆ ಕಿವಿಗೆ ಒತ್ತಡ ಬಂದದ್ದೇ ತಿಳಿಯಲಿಲ್ಲ, ಕೊನೆಕೊನೆಗೆ ಡಬ್ಬಿಯಲ್ಲಿ ನಿದ್ದೆ ಹೋಗಿ ಡಬ್ಬಿ ಅಕ್ಕನಿಂದ ಬೈಸಿಕೊಂಡೆ. ಕಾಲಿನ ಎರಡು ಬೆರಳು ಹೋದವು. ಪಾದ ಉಳಿಯಿತು. ಹುಣ್ಣಿನ ಅಂಚಿನಲ್ಲಿ ಕೆಂಪು ಮಾಂಸ ಬಂದಿದೆ, ಕಾಲಿನ ಡಾಕ್ಟರು ಮೊದಲ ಸಲ ನಕ್ಕರು. ಟೈಲರಮ್ಮನಿಗೆ ಇನ್ನೂ ಹತ್ತು ಸಲ ಇದೆ.

ಇದರ ಜೊತೆ ಒಂದು ನಕಲು ಇಟ್ಟಿದ್ದೇನೆ. ಕಚೇರಿಗೆ ಬರೆದದ್ದು. ನಾಲ್ಕೇ ಸಾಲು. ಆ ಓಣಿಯಲ್ಲಿ ಸಹಾಯಕಿ ಸರಿಯಾಗಿ ಕೇಳಿ ಸರಿಯಾಗಿ ಹೇಳಿದ್ದಳು. ಕೇಳಿಸದ ಕಿವಿಗೆ ಕೋಲಿಟ್ಟು ಇಲ್ಲ ಎಂದವನು ನಾನು. ನನಗೆ ಕೇಳುವುದಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ವರದಿಯಲ್ಲಿ ನಾನು ಬರೆದದ್ದು ಸುಳ್ಳು. ಅಂಚೆಗೆ ಹಾಕದೆ ನಾನೇ ಹೋಗಿ ಮೇಲಧಿಕಾರಿಯ ಕೈಗೆ ಕೊಟ್ಟೆ, ಮುಂದಿನ ಬಾಗಿಲಿನಿಂದಲೇ ಹೋದೆ. ಕೋಲನ್ನೂ ಒಪ್ಪಿಸಿ ಬಂದೆ. ಇನ್ನು ನನಗೆ ಕೆಲಸವಿಲ್ಲ. ಮುಂದೆ ಏನು ಕ್ರಮ ಎಂದು ತಿಳಿಸುತ್ತಾರಂತೆ, ತಿಳಿಸಲಿ.

ಕೀಲಿಯವನ ಹತ್ತಿರವೂ ಹೋದೆ. ಈಗ ಬಸ್ ನಿಲ್ದಾಣದ ಎದುರು ಕೂರುತ್ತಾನೆ. ಅರ ಹಿಡಿದರೆ ಕೈ ಇನ್ನೂ ನಡುಗುತ್ತದೆ. ನಿಂತುಕೊಂಡೇ ಎಲ್ಲ ಹೇಳಿದೆ. ಹೊಡೆಯುತ್ತಾನೇನೋ ಅಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕೈಯಲ್ಲಿದ್ದ ಕೀಲಿ ಕೆಳಗಿಟ್ಟು, "ಆರು ವರ್ಷ ನಿಮ್ಮ ಮಗಳಿಗೆ ಶಾಪ ಹಾಕ್ಕೊಂಡು ಬಂದೆನಲ್ಲ ಸ್ವಾಮಿ" ಎಂದ.

ಅದು ನನಗೆ ಹೊಳೆದೇ ಇರಲಿಲ್ಲ. ನಿನ್ನ ಕೆಲಸ ಹೋದದ್ದು ಗೊತ್ತಿತ್ತು, ನೀನು ಊರು ಬಿಟ್ಟದ್ದು ಗೊತ್ತಿತ್ತು. ಎಲ್ಲೋ ಒಬ್ಬ ಮನುಷ್ಯ ನಿತ್ಯ ಬೆಳಗ್ಗೆ ಅಂಗಡಿ ತೆರೆಯುವಾಗ ನಿನ್ನನ್ನು ನೆನೆದು ಶಪಿಸುತ್ತಿದ್ದಾನೆ ಎಂದು ಯೋಚಿಸಿರಲಿಲ್ಲ. ಅಲ್ಲೇ ರಸ್ತೆಯ ಪಕ್ಕದಲ್ಲಿ ಕೂತು ಅತ್ತೆ. ಅವನೇ ನೀರು ಕೊಟ್ಟ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುತ್ತಾರೆ. ನಾನು ಕೋಪದಲ್ಲೂ ಕೊಯ್ಯಲಿಲ್ಲ. ಹೆದರಿ ಕೊಯ್ದೆ. ಕ್ಷಮಿಸು ಎಂದು ಬರೆದರೆ, ಕ್ಷಮಿಸುವ ಕೆಲಸವನ್ನೂ ನಿನ್ನ ತಲೆಗೇ ಕಟ್ಟಿದಂತಾಗುತ್ತದೆ. ಅದಕ್ಕೇ ಬರೆಯುತ್ತಿಲ್ಲ. ನೀನು ಕೇಳಿದ್ದು ಸರಿ. ಅಂದು ಆ ಓಣಿಯಲ್ಲಿ ಕೇಳಿಸಿಕೊಂಡವಳು ನೀನೊಬ್ಬಳೇ.

ಅಪ್ಪ


ಏಪ್ರಿಲ್ ೨

ಅಪ್ಪನಿಗೆ,

ನಕಲು ಓದಿ ಬೆಳಗಿನ ಪಾಳಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ. ಅಂಥ ಹಾಳೆ ಜೇಬಿನಲ್ಲಿಟ್ಟುಕೊಂಡು ಇಪ್ಪತ್ತೆರಡು ತಿರುವು ಇಳಿಸಬಾರದು.

ಇಂಥದ್ದೊಂದು ಕಾಗದ ಬಂದ ದಿನ ಎದೆ ಹಗುರಾಗುತ್ತದೆ ಎಂದು ಆರು ವರ್ಷ ಅಂದುಕೊಂಡಿದ್ದೆ. ಆಗಲಿಲ್ಲ. ಎಲ್ಲಿತ್ತೋ ಅಷ್ಟು ಸಿಟ್ಟು, ಒಟ್ಟಿಗೆ ಬಂತು. ನಾಲ್ಕು ಸಾಲು! ಬರೆಯಲು ಎಷ್ಟು ಹೊತ್ತಾಯಿತು? ಅದೂ ಹತ್ತು ನಿಮಿಷದ ಕೆಲಸವೇ? ಡಿಪೋದ ಹಿಂದೆ ಬಸ್ಸು ತೊಳೆಯುವ ಜಾಗದಲ್ಲಿ ನಿಂತು ಜೋರಾಗಿ ಅತ್ತೆ. ಮೆಕ್ಯಾನಿಕ್ ಬಂದು, "ಯಾರಾದ್ರೂ ಹೋದ್ರಾ ಅಕ್ಕಾ?" ಎಂದ. ಇಲ್ಲಪ್ಪ, ಇದ್ದಾರೆ, ಅದಕ್ಕೇ ಎಂದೆ.

ಕಚೇರಿಯವರು ನನಗೂ ಬರೆದಿದ್ದಾರೆ. ಬೇಕಾದರೆ ಕೆಲಸಕ್ಕೆ ಮರಳಬಹುದಂತೆ. ನನಗೆ ಬೇಡ. ನನಗೀಗ ಈ ಬೆಟ್ಟ ಹಿಡಿಸಿದೆ.

ಶನಿವಾರ ಎರಡು ದಿನ ರಜೆ ಹಾಕಿ ಬರುತ್ತಿದ್ದೇನೆ. ಆ ಕಾಲಿಟ್ಟುಕೊಂಡು ನಿಲ್ದಾಣಕ್ಕೆ ಬರಬೇಡ, ಮನೆಯಲ್ಲೇ ಕೂತಿರು. ಸಮಾಧಾನ ಮಾಡಲು ಬರುತ್ತಿದ್ದೇನೆ ಅಂದುಕೊಳ್ಳಬೇಡ. ಬೈಯಲು ಬರುತ್ತಿದ್ದೇನೆ. ಕಾಗದದಲ್ಲಿ ಬೈದರೆ ಅರ್ಧ ಓದಿ ಮಡಿಸಿಟ್ಟುಬಿಡುತ್ತೀಯ. ಎದುರಿಗೆ ಬೈದರೆ ಕೇಳಿಸಲಿಲ್ಲ ಅನ್ನುತ್ತೀಯ. ನಿನ್ನ ಬಲಗಡೆ ಕೂತು ಬೈಯುತ್ತೇನೆ, ಆರು ವರ್ಷದ್ದೂ, ಒಂದು ಮಾತೂ ತಪ್ಪಿಹೋಗದ ಹಾಗೆ.

ನಿನ್ನ ಮಗಳು